ಹಡಗು ಹತ್ತೋ ಮುಂಚೆ ಫೋನ್‌ಗೆ ಏನ್ ಮಾಡ್ಬೇಕು? ಓದುಗರ ಪ್ರಶ್ನೆ, ನಮ್ಮ ಉತ್ತರ

ಕಾಫಿ ಕೊಯ್ಲು ಮುಗಿದು ಕೈಗೆ ನಾಕು ದುಡ್ಡು ಬಂದ ಮೇಲೆ ನಮ್ಮ ಮೂಡಿಗೆರೆ, ಸಕಲೇಶಪುರ, ಆಲ್ದೂರು ಕಡೆಯಿಂದ ಟೂರ್ ಹೊರಡೋರು ಜಾಸ್ತಿ. ಈ ಸಲ ಬಂದಿರೋ ಪತ್ರ ನೋಡಿದ್ರೆ ಸಿಂಗಾಪುರ-ಮಲೇಷ್ಯಾ ಪ್ಯಾಕೇಜ್ ಜೊತೆ ಕ್ರೂಸ್ ಸೇರಿಸ್ಕೊಂಡಿರೋರು, ಮುಂಬೈಯಿಂದ ಲಕ್ಷದ್ವೀಪಕ್ಕೆ ಹಡಗಲ್ಲಿ ಹೊರಟಿರೋರು ಬಹಳ ಜನ ಇದಾರೆ, ಹಾಸನ ಸಿಟಿಯವರೂ ಇದಾರೆ, ಅರಸೀಕೆರೆ ಕಡೂರಿನವರೂ ಇದಾರೆ, ಎಲ್ಲರದ್ದೂ ಒಂದೇ ಚಿಂತೆ, ಹಡಗಲ್ಲಿ ಫೋನ್ ನಡೆಯುತ್ತಾ, ನಡೆದ್ರೆ ಎಷ್ಟು ದುಡ್ಡು ಹೋಗುತ್ತೆ ಅಂತ. ಅದಕ್ಕೇ ಈ ಸಲದ ಅಂಕಣ ಪೂರ್ತಿ ಇದಕ್ಕೆ ಇಟ್ಟಿದೀನಿ. ದಯವಿಟ್ಟು ಟಿಕೆಟ್ ಬುಕ್ ಮಾಡಿರೋರು ಕೊನೇತನಕ ಓದಿ, ಯಾಕಂದ್ರೆ ಇದನ್ನ ಹಡಗು ಹತ್ತೋ ಮುಂಚೆ ತಿಳ್ಕೊಂಡ್ರೆ ಮಾತ್ರ ಉಪಯೋಗ.

ಪ್ರಶ್ನೆ: ಸರ್, ನಾನು ನಮ್ಮ ಮನೆಯವ್ರು ಇಬ್ರೂ ಅರವತ್ತು ದಾಟಿದೋರು, ಮೂಡಿಗೆರೆ ಹತ್ರ ತೋಟ. ಮುಂದಿನ ತಿಂಗಳು ಸಿಂಗಾಪುರಕ್ಕೆ ಹೋಗ್ತಿದೀವಿ, ಅದರಲ್ಲಿ ಮೂರು ರಾತ್ರಿ ಕ್ರೂಸ್ ಇದೆ. ಬೆಂಗಳೂರಲ್ಲಿರೋ ಮಗ ‘ಇಂಟರ್‌ನ್ಯಾಷನಲ್ ರೋಮಿಂಗ್ ಪ್ಯಾಕ್ ಹಾಕಿಸಿದೀನಿ ಅಪ್ಪ, ತಲೆ ಕೆಡಿಸ್ಕೋಬೇಡಿ’ ಅಂತಾನೆ, ಟೂರ್ ಏಜೆಂಟ್ ನೋಡಿದ್ರೆ ‘ಹಡಗಲ್ಲಿ ಯಾವ ಸಿಮ್ಮೂ ನಡೆಯಲ್ಲ’ ಅಂತಾರೆ. ಯಾರ ಮಾತು ನಂಬೋದು?

ಉತ್ತರ: ಮಗ ಹೇಳಿದ್ದು ನೆಲದ ಮೇಲೆ ಇರೋವಾಗ ಸರಿ. ಏಜೆಂಟ್ ಹೇಳಿದ್ದು ಅರ್ಧ ಸರಿ. ಇಬ್ಬರೂ ಬಿಟ್ಟಿರೋ ವಿಷಯ ಏನಂದ್ರೆ, ದೊಡ್ಡ ಕ್ರೂಸ್ ಹಡಗುಗಳಲ್ಲಿ ಹೆಚ್ಚಿನವುಗಳಿಗೆ ಅದರದ್ದೇ ಒಂದು ಮೊಬೈಲ್ ಟವರ್ ಇರುತ್ತೆ, ನಿಮ್ಮ ದುಡ್ಡು ಹೋಗೋದು ಅಲ್ಲೇ.

ಸ್ವಲ್ಪ ಬಿಡಿಸಿ ಹೇಳ್ತೀನಿ. ಹಡಗು ಬಂದರು ಬಿಟ್ಟ ಮೇಲೆ ಸ್ವಲ್ಪ ಹೊತ್ತು ದಡದ ಟವರ್ ಸಿಗ್ನಲ್ ಸಿಗ್ತಾ ಇರುತ್ತೆ. ಹಳೇ 2ಜಿ ಟವರ್ ತಾಂತ್ರಿಕವಾಗಿ 35 ಕಿಲೋಮೀಟರ್ ತನಕ ಮುಟ್ಟಬಹುದು, ಆದ್ರೆ ನಿಜವಾಗಿ ಅದಕ್ಕಿಂತ ಮೊದಲೇ ಕಡ್ಡಿ ಒಂದೊಂದಾಗಿ ಕಮ್ಮಿ ಆಗ್ತಾ ಹೋಗುತ್ತೆ. ಕ್ರೂಸ್ ಹಡಗು ಗಂಟೆಗೆ ಸುಮಾರು 35 ಕಿಲೋಮೀಟರ್ ಹೋಗುತ್ತೆ ಅಂದ್ರೆ ಒಂದು ಗಂಟೆ ಒಳಗೆ ದಡದ ನೆಟ್‌ವರ್ಕ್ ಕಥೆ ಮುಗೀತು ಅಂತ ಲೆಕ್ಕ. ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿಯೋವಾಗ ಮಾತಾಡ್ತಾ ಮಾತಾಡ್ತಾ ಕಾಲ್ ಕಟ್ ಆಗುತ್ತಲ್ಲ, ಅದೇ ತರ. ವ್ಯತ್ಯಾಸ ಇಷ್ಟೇ, ಘಾಟಿಯಲ್ಲಿ ಸಿಗ್ನಲ್ ಹೋದ್ರೆ ಫೋನ್ ಸುಮ್ನೆ ಇರುತ್ತೆ, ಸಮುದ್ರದಲ್ಲಿ ಹಡಗು ತನ್ನ ಟವರ್ ಆನ್ ಮಾಡುತ್ತೆ, ಅದುವರೆಗೂ ಹುಡುಕ್ತಾ ಇದ್ದ ನಿಮ್ಮ ಫೋನು ಫುಲ್ ಕಡ್ಡಿ ಕಂಡ ತಕ್ಷಣ ನಿಮ್ಮನ್ನ ಕೇಳದೇನೇ ಅದಕ್ಕೆ ಕನೆಕ್ಟ್ ಆಗಿಬಿಡುತ್ತೆ.

ಈ ಹಡಗಿನ ಟವರ್‌ನಿಂದ ಹೋಗೋ ಮಾತು ಉಪಗ್ರಹಕ್ಕೆ ಹೋಗಿ, ಅಲ್ಲಿಂದ ಎಲ್ಲೋ ಒಂದು ದೇಶದ ನೆಲಕ್ಕೆ ಇಳಿದು, ಆಮೇಲೆ ನಿಮ್ಮ ಕಂಪನಿಗೆ ಬರಬೇಕು. ಅದಕ್ಕೇ ರೇಟು ಜಾಸ್ತಿ. ಮತ್ತೆ ಈ ನೆಟ್‌ವರ್ಕ್ ಯಾವ ದೇಶಕ್ಕೂ ಸೇರಿದ್ದಲ್ಲ. ಭಾರತದ ನೆಟ್‌ವರ್ಕ್‌ಗಳಿಗೆ 404, 405 ಅಂತ ಕೋಡ್ ಇರೋ ಹಾಗೆ ಹಡಗಿನ ನೆಟ್‌ವರ್ಕ್‌ಗಳಿಗೆ ಸಾಮಾನ್ಯವಾಗಿ 901 ಅಂತ ಅಂತಾರಾಷ್ಟ್ರೀಯ ಕೋಡ್ ಇರುತ್ತೆ. ಹಾಗಾಗಿ ಮಗ ಹಾಕಿಸಿರೋ ‘ಸಿಂಗಾಪುರ ಪ್ಯಾಕ್’ ಸಿಂಗಾಪುರದ ನೆಲಕ್ಕೆ ಮಾತ್ರ, ಹಡಗಿನ ಟವರ್‌ಗೆ ಅದು ಲೆಕ್ಕಕ್ಕೇ ಬರಲ್ಲ. ಹಡಗಿಗೆ ಅಂತಾನೇ ಬೇರೆ ಪ್ಯಾಕ್ ಇದ್ರೆ ಇರಬಹುದು, ಆದ್ರೆ ಅದು ಎಲ್ಲಾ ಹಡಗಿಗೂ ಹೊಂದಲ್ಲ, ನಿಮ್ಮ ಹಡಗಿನ ಹೆಸರು ಹೇಳಿ ಕಸ್ಟಮರ್ ಕೇರ್‌ನಲ್ಲಿ ಕೇಳಿ, ಅವರು ಹೌದು ಅಂದ್ರೆ ಮೆಸೇಜ್‌ನಲ್ಲಿ ಬರೆದು ಕಳ್ಸಿ ಅನ್ನಿ.

ಇನ್ನೊಂದು, ಸಿಂಗಾಪುರದ ಕಡೆ ಹೋಗೋರು ಗಮನಿಸ್ಲೇಬೇಕಾದ್ದು. ಅಲ್ಲಿ ಸಮುದ್ರ ತುಂಬ ಕಿರಿದು, ಈ ಕಡೆ ಸಿಂಗಾಪುರ, ಆ ಕಡೆ ಸುಮಾರು 20 ಕಿಲೋಮೀಟರ್ ದೂರದಲ್ಲೇ ಇಂಡೋನೇಷ್ಯಾದ ಬಾತಾಮ್ ದ್ವೀಪ, ಪಕ್ಕದಲ್ಲೇ ಮಲೇಷ್ಯಾ. ನೀವು ಹಡಗಿನ ಡೆಕ್ ಮೇಲೆ ನಿಂತು ಫೋಟೋ ತೆಗೀತಾ ಇರ್ತೀರ, ಜೇಬಲ್ಲಿ ಫೋನು ಸಿಂಗಾಪುರ ಬಿಟ್ಟು ಇಂಡೋನೇಷ್ಯಾ ನೆಟ್‌ವರ್ಕ್‌ಗೆ ಹೋಗಿರುತ್ತೆ, ನಿಮ್ಮ ಪ್ಯಾಕ್‌ನಲ್ಲಿ ಆ ದೇಶ ಇಲ್ಲ ಅಂದ್ರೆ ಮಾಮೂಲಿ ರೋಮಿಂಗ್ ರೇಟ್ ಬೀಳುತ್ತೆ. ಹಾಗಾಗಿ ಪ್ಯಾಕ್ ತಗೊಳ್ಳೋವಾಗ ಹಡಗು ನಿಲ್ಲೋ ದೇಶಗಳ ಜೊತೆ ಹಾದು ಹೋಗೋ ದೇಶಗಳೂ ಪಟ್ಟಿಯಲ್ಲಿ ಇದಾವಾ ಅಂತ ಮಗನಿಗೆ ನೋಡೋಕೆ ಹೇಳಿ.

ಈಗ ಮಾಡಬೇಕಾದ್ದು. ಹಡಗು ಹತ್ತಿ ರೂಮಿಗೆ ಹೋಗಿ ಬ್ಯಾಗ್ ಇಟ್ಟ ತಕ್ಷಣ, ಹಡಗು ಇನ್ನೂ ಬಂದರಲ್ಲೇ ನಿಂತಿರೋವಾಗಲೇ, ಮನೆಗೆ ಒಂದು ಫೋನ್ ಮಾಡಿ ‘ಹತ್ತಿದೀವಿ, ಇನ್ನು ವಾಟ್ಸಾಪ್‌ನಲ್ಲಿ ಸಿಗ್ತೀವಿ’ ಅಂತ ಹೇಳ್ಬಿಡಿ. ಆಮೇಲೆ ಫೋನ್ ಪರದೆ ಮೇಲಿಂದ ಕೆಳಕ್ಕೆ ಎಳೆದ್ರೆ ವಿಮಾನದ ಚಿತ್ರ ಇರೋ ಬಟನ್ ಇದೆಯಲ್ಲ, ಏರೋಪ್ಲೇನ್ ಮೋಡ್, ಅದನ್ನ ಒತ್ತಿ. ಸಿಗ್ನಲ್ ಕಡ್ಡಿ ಇದ್ದ ಜಾಗದಲ್ಲಿ ವಿಮಾನದ ಚಿತ್ರ ಬರಬೇಕು, ಬಂತಾ ಅಂತ ಕಣ್ಣಾರೆ ನೋಡ್ಕೊಳ್ಳಿ. ಅದಾದ ಮೇಲೆ ವೈಫೈ ಬಟನ್ ಮಾತ್ರ ಬೇರೆಯಾಗಿ ಆನ್ ಮಾಡಿ, ಏರೋಪ್ಲೇನ್ ಮೋಡ್‌ನಲ್ಲಿ ಇದ್ರೂ ವೈಫೈ ಆನ್ ಆಗುತ್ತೆ, ಇದು ಬಹಳ ಜನಕ್ಕೆ ಗೊತ್ತಿಲ್ಲ. ಹಡಗಿನ ವೈಫೈಗೆ ದುಡ್ಡು ಕಟ್ಟಿದ್ರೆ ವಾಟ್ಸಾಪ್ ಮಾತು, ಫೋಟೋ ಎಲ್ಲ ನಡೆಯುತ್ತೆ, ಎಷ್ಟು ದುಡ್ಡು ಅಂತ ಮೊದಲೇ ಗೊತ್ತಿರುತ್ತೆ, ಆಮೇಲೆ ಬಿಲ್ ಬಂದು ಎದೆ ಧಸಕ್ ಅನ್ನೋದು ಇರಲ್ಲ. ನಿಮ್ಮಿಬ್ಬರ ಫೋನ್‌ಗೂ ಇದನ್ನ ಮಾಡ್ಬೇಕು, ಒಬ್ಬರದ್ದು ಮಾಡಿ ಇನ್ನೊಬ್ಬರದ್ದು ಮರೆತ್ರೆ ಪ್ರಯೋಜನ ಇಲ್ಲ. ಮನೇಲೇ ಮಗನ ಮುಂದೆ ಕೂತು ಆನ್ ಮಾಡಿ ಆಫ್ ಮಾಡಿ ಕೈ ಪಳಗಿಸ್ಕೊಳ್ಳಿ, ಅಲ್ಲಿ ಹೋಗಿ ಯಾರನ್ನೂ ಕೇಳೋ ಹಾಗಿರಬಾರದು.

ಹಡಗು ಬಂದರಿಗೆ ಬಂದು ನೀವು ಕೆಳಗೆ ಇಳಿದ ಮೇಲೆ ಏರೋಪ್ಲೇನ್ ಮೋಡ್ ತೆಗೀರಿ, ಪ್ಯಾಕ್ ಕೆಲಸ ಮಾಡುತ್ತೆ. ವಾಪಸ್ ಹತ್ತೋವಾಗ ಮತ್ತೆ ಹಾಕಿ.

ಪ್ರಶ್ನೆ: ನಮ್ಮ ಭಾವ ಕ್ರೂಸ್ ಹೋಗಿ ಬಂದ್ರು, ಡೇಟಾ ರೋಮಿಂಗ್ ಆಫ್ ಮಾಡೇ ಇಟ್ಟಿದ್ರು, ಆದ್ರೂ ಪೋಸ್ಟ್‌ಪೇಯ್ಡ್ ಬಿಲ್ ಸಾವಿರಾರು ರೂಪಾಯಿ ಬಂದಿದೆ. ಕಂಪನಿಯವರು ಕಟ್ಟಲೇಬೇಕು ಅಂತಾರೆ. ಇದು ಮೋಸ ಅಲ್ವಾ? (ಹಾಸನದ ಓದುಗರು)

ಉತ್ತರ: ಮೋಸ ಅಂತ ಈಗಲೇ ಹೇಳೋಕೆ ಬರಲ್ಲ, ಬಿಲ್ ಬಿಡಿಸಿ ನೋಡ್ಬೇಕು. ಡೇಟಾ ರೋಮಿಂಗ್ ಆಫ್ ಮಾಡಿದ್ರೆ ನಿಲ್ಲೋದು ಇಂಟರ್‌ನೆಟ್ ಮಾತ್ರ, ಕಾಲ್ ನಿಲ್ಲಲ್ಲ. ಫೋನು ಹಡಗಿನ ಟವರ್‌ಗೆ ಸೇರ್ಕೊಂಡಿದ್ರೆ ಊರಿಂದ ಬಂದ ಕಾಲ್ ಎತ್ತಿ ಮಾತಾಡಿದ್ದಕ್ಕೂ ನಿಮಿಷದ ಲೆಕ್ಕದಲ್ಲಿ ಚಾರ್ಜ್ ಬೀಳುತ್ತೆ. ಊರಲ್ಲಿ ಬರೋ ಕಾಲ್‌ಗೆ ದುಡ್ಡಿಲ್ಲ ಅಂತ ನಮಗೆ ಅಭ್ಯಾಸ ಆಗಿಹೋಗಿದೆ, ‘ಕರೆಂಟ್ ಬಿಲ್ ಕಟ್ಟಿದ್ರಾ, ತೋಟಕ್ಕೆ ಔಷಧಿ ಹೊಡೆಸ್ತಾ ಇದೀವಿ’ ಅಂತ ಆರಾಮಾಗಿ ಮಾತಾಡ್ತಾ ಕೂತಿರ್ತೀವಿ. ಪ್ರೀಪೇಯ್ಡ್ ಆಗಿದ್ರೆ ಬ್ಯಾಲೆನ್ಸ್ ಖಾಲಿ ಆದ ಕೂಡ್ಲೇ ತಾನೇ ನಿಂತುಹೋಗುತ್ತೆ, ಪೋಸ್ಟ್‌ಪೇಯ್ಡ್‌ನಲ್ಲಿ ಅದು ಬಿಲ್ ಮೇಲೆ ಏರ್ತಾನೇ ಹೋಗುತ್ತೆ. ಕಾಲ್ ಫಾರ್ವರ್ಡ್ ಹಾಕಿದ್ರಾ ಅಂತಲೂ ಭಾವನನ್ನ ಕೇಳಿ, ಎತ್ತದೇ ಇರೋ ಕಾಲು ಫಾರ್ವರ್ಡ್ ಆಗಿ ಊರಿನ ನಂಬರಿಗೆ ಹೋದ್ರೆ ಅದಕ್ಕೂ ಚಾರ್ಜ್ ಬರೋದುಂಟು, ಹೊರಡೋ ಮುಂಚೆ ಅದನ್ನ ತೆಗೆಸಿಬಿಡಬೇಕು.

ಮೊದಲು ಐಟಮೈಸ್ಡ್ ಬಿಲ್ ಕೇಳಿ, ಅಂದ್ರೆ ಒಂದೊಂದು ಕಾಲ್, ಟೈಮು, ಯಾವ ನೆಟ್‌ವರ್ಕ್ ಅಂತ ಬರೆದಿರೋ ಬಿಲ್. ಅದರಲ್ಲಿ ಹಡಗಿನ ನೆಟ್‌ವರ್ಕ್ ಹೆಸರು ಕಾಣುತ್ತೆ. ಹಡಗು ಬಂದರಲ್ಲಿ ನಿಂತಿದ್ದ ಹೊತ್ತಿಗೆ ಹಡಗಿನ ನೆಟ್‌ವರ್ಕ್ ಚಾರ್ಜ್ ಹಾಕಿದ್ರೆ ಅದನ್ನ ಪ್ರಶ್ನೆ ಮಾಡೋಕೆ ಕಾರಣ ಇದೆ, ಯಾಕಂದ್ರೆ ಸಾಮಾನ್ಯವಾಗಿ ಬಂದರಲ್ಲಿ ಹಡಗಿನ ಟವರ್ ಆಫ್ ಮಾಡಿರ್ತಾರೆ. ತಪ್ಪು ಕಂಡ್ರೆ ಕಸ್ಟಮರ್ ಕೇರ್‌ಗೆ ದೂರು ಕೊಟ್ಟು ಡಾಕೆಟ್ ನಂಬರ್, ಅಂದ್ರೆ ದೂರಿನ ನಂಬರ್, ಬರೆದಿಟ್ಕೊಳ್ಳಿ, ಅಲ್ಲಿ ಸರಿಯಾದ ಉತ್ತರ ಸಿಗದಿದ್ರೆ ಅದೇ ಕಂಪನಿಯ ಅಪಿಲೇಟ್ ಅಥಾರಿಟಿಗೆ, ಅಂದ್ರೆ ಮೇಲ್ಮನವಿ ಕೇಳೋರ ಹತ್ರ ಹೋಗಬೇಕು, ಟೆಲಿಕಾಂ ನಿಯಂತ್ರಣ ಪ್ರಾಧಿಕಾರ ಟ್ರಾಯ್‌ನ 2012ರ ನಿಯಮದಲ್ಲೇ ಈ ಎರಡು ಹಂತ ಇದೆ. ಅದೂ ಆಗ್ಲಿಲ್ಲ ಅಂದ್ರೆ ಹಾಸನದಲ್ಲೇ ಜಿಲ್ಲಾ ಗ್ರಾಹಕರ ಆಯೋಗ ಇದೆ. ಟೆಲಿಫೋನ್ ದೂರು ಗ್ರಾಹಕರ ಕೋರ್ಟಿಗೆ ಬರಲ್ಲ ಅಂತ ಮುಂಚೆ ವಾದ ಇತ್ತು, 2022ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಬರುತ್ತೆ ಅಂತ ಹೇಳಿ ಆ ವಾದ ಮುಗಿಸಿದೆ. ಬಿಲ್ ಸರಿ ಇದೆ ಅಂತ ಗೊತ್ತಾದ್ರೂ ಸಂಕೋಚ ಪಡದೆ ಒಂದು ಸಲ ಕಮ್ಮಿ ಮಾಡಿ ಅಂತ ಕೇಳಿ, ಕೇಳೋದ್ರಲ್ಲಿ ತಪ್ಪಿಲ್ಲ.

ಪ್ರಶ್ನೆ: ಸಕಲೇಶಪುರದಿಂದ ಒಳಗೆ ನಮ್ಮ ಎಸ್ಟೇಟ್, ಮನೇಲಿ ಒಂದು ಕಡ್ಡಿನೂ ಸಿಗ್ನಲ್ ಇಲ್ಲ, ಬ್ರಾಡ್‌ಬ್ಯಾಂಡ್ ಹಾಕಿಸಿ ವೈಫೈ ಕಾಲಿಂಗ್‌ನಲ್ಲೇ ಮಾತಾಡೋದು. ಹಡಗಿನ ವೈಫೈನಲ್ಲೂ ಹೀಗೇ ಮಾಮೂಲಿ ನಂಬರಿಂದ ಮಾತಾಡಬಹುದಾ?

ಉತ್ತರ: ಒಳ್ಳೇ ಪ್ರಶ್ನೆ ಕೇಳಿದೀರ. ಮಲೆನಾಡಿನ ಎಷ್ಟೋ ಮನೆಗಳಿಗೆ ಈ ವೈಫೈ ಕಾಲಿಂಗ್ ಬಂದ ಮೇಲೇನೇ ಫೋನ್ ಅನ್ನೋದು ಒಳಗೆ ಬಂದಿದ್ದು, ಅದಕ್ಕೆ ಮುಂಚೆ ಗುಡ್ಡ ಹತ್ತಿ ಮಾತಾಡಿ ಬರಬೇಕಿತ್ತು. 2019ರ ಕೊನೆ, 2020ರ ಶುರುವಲ್ಲಿ ಏರ್‌ಟೆಲ್ ಮತ್ತೆ ಜಿಯೋ ಇದನ್ನ ನಮ್ಮ ದೇಶದಲ್ಲಿ ಕೊಡೋಕೆ ಶುರು ಮಾಡಿದ್ವು. ಹಡಗಿನ ವೈಫೈನಲ್ಲಿ ಇದು ನಡೆಯುತ್ತಾ ಅನ್ನೋದು ಎರಡು ವಿಷಯದ ಮೇಲೆ ನಿಂತಿದೆ, ನಿಮ್ಮ ಕಂಪನಿ ದೇಶದ ಹೊರಗಿಂದ ವೈಫೈ ಕಾಲಿಂಗ್‌ಗೆ ಬಿಡುತ್ತಾ, ಬಿಟ್ರೆ ಅದನ್ನ ಊರಿನ ಕಾಲ್ ಅಂತ ಲೆಕ್ಕ ಹಾಕುತ್ತಾ ರೋಮಿಂಗ್ ಅಂತ ಹಾಕುತ್ತಾ ಅನ್ನೋದು ಒಂದು, ಹಡಗಿನ ವೈಫೈ ಪ್ಲಾನ್‌ನಲ್ಲಿ ಕಾಲ್‌ಗೆ ಅವಕಾಶ ಇದೆಯಾ ಅನ್ನೋದು ಇನ್ನೊಂದು. ಕಮ್ಮಿ ರೇಟಿನ ಪ್ಲಾನ್‌ಗಳಲ್ಲಿ ಬರೀ ಮೆಸೇಜ್ ಮಾತ್ರ ಬಿಟ್ಟು ಕಾಲ್, ವಿಡಿಯೋ ತಡೆದಿರೋದುಂಟು. ಎರಡನ್ನೂ ಕೇಳ್ಕೊಂಡು ಹೋಗಿ. ಕೇಳಿದ್ದು ಸ್ಪಷ್ಟ ಆಗದಿದ್ರೆ ವೈಫೈ ಕಾಲಿಂಗ್ ಆಫ್ ಮಾಡಿ ವಾಟ್ಸಾಪ್ ಕಾಲ್ ಮಾಡೋದೇ ನೆಮ್ಮದಿ.

ದುಬೈ, ಅಬುಧಾಬಿ ಕಡೆ ಕ್ರೂಸ್ ಹೋಗೋರಿಗೆ ಒಂದು ಮಾತು, ಅಲ್ಲಿ ದಡಕ್ಕೆ ಇಳಿದ ಮೇಲೆ ಅಲ್ಲಿನ ನೆಟ್‌ವರ್ಕ್‌ನಲ್ಲಿ ವಾಟ್ಸಾಪ್ ಮೆಸೇಜ್ ಹೋಗುತ್ತೆ, ಕಾಲ್ ಹೋಗಲ್ಲ, ಅಲ್ಲಿನ ಸರ್ಕಾರ ತಡೆದಿದೆ. ಫೋನ್ ಕೆಟ್ಟಿದೆ ಅಂತ ಗಾಬರಿ ಆಗಬೇಡಿ.

ಪ್ರಶ್ನೆ: ಸರ್, ನಮ್ಮತ್ತೆಗೆ ಎಂಬತ್ತು ವರ್ಷ, ಚಿಕ್ಕಮಗಳೂರಿನ ಮನೇಲಿ ಒಬ್ಬರೇ ಇರ್ತಾರೆ, ಕೆಲಸದವಳು ಬಂದು ಹೋಗ್ತಾಳೆ. ಅವರ ಹತ್ರ ಇರೋದು ಬಟನ್ ಫೋನು, ವಾಟ್ಸಾಪ್ ಎಲ್ಲ ಇಲ್ಲ. ದಿನಾ ರಾತ್ರಿ ಊಟದ ಹೊತ್ತಿಗೆ ನಾನು ಫೋನ್ ಮಾಡ್ದಿದ್ರೆ ಅವರಿಗೆ ನಿದ್ದೆ ಬರಲ್ಲ. ನಾಕು ದಿನ ಹಡಗಲ್ಲಿ ಇರೋವಾಗ ಏನು ಮಾಡ್ಲಿ? ಇದೊಂದೇ ಕಾರಣಕ್ಕೆ ಟೂರ್ ಬೇಡ ಅನ್ನಿಸ್ತಿದೆ.

ಉತ್ತರ: ಟೂರ್ ಬಿಡಬೇಡಿ ಅಮ್ಮ, ದಾರಿ ಇದೆ. ನಿಮ್ಮ ಪತ್ರ ಓದಿ ನನಗನಿಸಿದ್ದು, ಹಡಗಲ್ಲಿ ಫೋನ್ ಬಗ್ಗೆ ಯೋಚನೆ ಮಾಡೋವಾಗ ನಾವೆಲ್ಲ ಹೋಗೋರ ಬಗ್ಗೆನೇ ಯೋಚನೆ ಮಾಡ್ತೀವಿ, ಮನೇಲಿ ಕಾಯೋರಿಗೆ ಏನು ಹೇಳಿ ಹೋಗಬೇಕು ಅನ್ನೋದು ಯಾರ ತಲೆಗೂ ಬರಲ್ಲ. ಅತ್ತೆಗೆ ಕಷ್ಟ ಆಗೋದು ಫೋನ್ ಬರಲಿಲ್ಲ ಅನ್ನೋದಕ್ಕಿಂತ ಯಾಕೆ ಬರಲಿಲ್ಲ ಅಂತ ಗೊತ್ತಿಲ್ಲದೇ ಇರೋದಕ್ಕೆ. ‘ಚಂದಾದಾರರು ವ್ಯಾಪ್ತಿ ಪ್ರದೇಶದಿಂದ ಹೊರಗಿದ್ದಾರೆ’ ಅಂತ ಆ ಕಡೆಯಿಂದ ಕೇಳಿದ್ರೆ ವಯಸ್ಸಾದೋರ ಜೀವ ಬಾಯಿಗೆ ಬರುತ್ತೆ.

ಹೊರಡೋ ಮುಂಚೆ ಟೂರ್‌ನ ಕಾಗದ ತಗೊಂಡು ಅವರ ಪಕ್ಕ ಕೂತ್ಕೊಳ್ಳಿ. ಹಡಗು ಯಾವ ದಿನ ಯಾವ ಬಂದರಲ್ಲಿ ಎಷ್ಟು ಹೊತ್ತಿಗೆ ನಿಲ್ಲುತ್ತೆ ಅಂತ ಅದರಲ್ಲಿ ಬರೆದಿರುತ್ತೆ. ಗೋಡೆಗೆ ನೇತುಹಾಕಿರೋ ಕ್ಯಾಲೆಂಡರ್‌ನಲ್ಲೇ, ಏಕಾದಶಿ ಅಮಾವಾಸ್ಯೆ ನೋಡೋ ಅದೇ ಕ್ಯಾಲೆಂಡರ್‌ನಲ್ಲಿ, ಸ್ಕೆಚ್ ಪೆನ್ನಲ್ಲಿ ದಪ್ಪಕ್ಷರದಲ್ಲಿ ಬರೀರಿ: ಈ ದಿನ ಮಧ್ಯಾಹ್ನ ಫೋನ್ ಬರುತ್ತೆ, ಈ ದಿನ ಬರಲ್ಲ, ಈ ದಿನ ಸಾಯಂಕಾಲ ಬರುತ್ತೆ. ಬರದೇ ಇರೋ ದಿನವನ್ನೂ ಬರೀಬೇಕು, ಅದೇ ಮುಖ್ಯ. ಸಿಂಗಾಪುರ, ಮಲೇಷ್ಯಾ ಟೈಮು ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದೆ, ಅಲ್ಲಿ ರಾತ್ರಿ ಹತ್ತೂವರೆ ಅಂದ್ರೆ ಇಲ್ಲಿ ಎಂಟು ಗಂಟೆ, ಅದನ್ನ ಲೆಕ್ಕ ಹಾಕೇ ಬರೀರಿ. ಬಂದರಲ್ಲಿ ಇಳಿದಾಗ ದೇಶದ ಪ್ಯಾಕ್‌ನಲ್ಲಿ ಅವರ ಬಟನ್ ಫೋನ್‌ಗೇ ನೇರವಾಗಿ ಮಾಡಬಹುದು. ಆದ್ರೆ ವಿದೇಶದಿಂದ ಬಂದ ಕಾಲ್‌ನಲ್ಲಿ ಕೆಲವು ಸಲ ನಿಮ್ಮ ನಂಬರ್ ಬದಲು ಬೇರೆ ಏನೋ ನಂಬರ್ ಕಾಣಿಸುತ್ತೆ. ಈಗ ಪೊಲೀಸ್, ಕೊರಿಯರ್ ಅಂತ ಹೇಳಿ ಮೋಸ ಮಾಡೋ ಕಾಲ್ ಜಾಸ್ತಿ ಆಗಿರೋದ್ರಿಂದ ಗೊತ್ತಿಲ್ಲದ ನಂಬರ್ ಎತ್ತಬೇಡಿ ಅಂತ ನಾವೇ ಅವರಿಗೆ ಹೇಳಿರ್ತೀವಿ. ಹಾಗಾಗಿ ಆ ಬರೆದ ಟೈಮಲ್ಲಿ ಬಂದಿದ್ದನ್ನ ಮಾತ್ರ ಎತ್ತಿ, ನನ್ನ ಧ್ವನಿ ಅಲ್ಲ ಅಂದ್ರೆ ಇಟ್ಬಿಡಿ ಅಂತ ತಿಳಿಸಿ ಹೇಳಿ.

ಬಂದರು ಇಲ್ಲದ ದಿನಕ್ಕೆ, ಪಕ್ಕದ ಮನೆಯವರು ಇಲ್ಲಾ ಕೆಲಸದವಳ ಮಗಳು ಯಾರಾದ್ರೂ ಸ್ಮಾರ್ಟ್‌ಫೋನ್ ಇರೋರು ರಾತ್ರಿ ಹತ್ತು ನಿಮಿಷ ಅತ್ತೆ ಹತ್ರ ಬಂದು ಕೂತ್ಕೊಳ್ಳೋ ಹಾಗೆ ಮಾಡಿ, ನೀವು ಹಡಗಿನ ವೈಫೈನಿಂದ ವಾಟ್ಸಾಪ್ ಕಾಲ್ ಮಾಡಿ. ವಿಡಿಯೋ ಸರಿಯಾಗಿ ಬರದಿದ್ರೆ ಒಂದು ನಿಮಿಷದ ವಾಯ್ಸ್ ಮೆಸೇಜ್ ಕಳ್ಸಿ, ಅದು ಎಂಥಾ ಸ್ಲೋ ನೆಟ್‌ನಲ್ಲೂ ಹೋಗುತ್ತೆ, ಅತ್ತೆ ಎರಡು ಸಲ ಹಾಕಿಸ್ಕೊಂಡು ಕೇಳ್ತಾರೆ. ನಿಮ್ಮ ರೂಮಲ್ಲಿರೋ ಫೋನಿಂದ ಊರಿಗೆ ನೇರ ಮಾಡೋ ವ್ಯವಸ್ಥೆ ಹಲವು ಹಡಗಲ್ಲಿ ಇರುತ್ತೆ, ಆದ್ರೆ ಅದೂ ಉಪಗ್ರಹದ ಮೇಲೇ ಹೋಗೋದು, ನಿಮಿಷಕ್ಕೆ ತುಂಬ ದುಡ್ಡು, ನಿಜವಾದ ತುರ್ತು ಇದ್ರೆ ಮಾತ್ರ ಬಳಸಿ.

ಮತ್ತೆ ಅತ್ತೆಗೇ ಏನಾದ್ರೂ ಆದ್ರೆ ನಿಮ್ಮನ್ನ ಹೇಗೆ ಹಿಡಿಯೋದು ಅನ್ನೋದೂ ಯೋಚನೆ ಮಾಡಿ. ಹಡಗಿನ ಹೆಸರು, ನಿಮ್ಮ ರೂಮ್ ನಂಬರ್, ಬುಕಿಂಗ್ ನಂಬರ್, ಟೂರ್ ಮ್ಯಾನೇಜರ್ ನಂಬರ್, ಕ್ರೂಸ್ ಕಂಪನಿಯ ತುರ್ತು ನಂಬರ್, ಇಷ್ಟನ್ನ ಒಂದು ಹಾಳೆಯಲ್ಲಿ ಬರೆದು ಪಕ್ಕದ ಮನೆಯವರಿಗೂ ಡಾಕ್ಟರ ಹತ್ರ ಕರ್ಕೊಂಡು ಹೋಗೋರಿಗೂ ಕೊಟ್ಟಿರಿ. ಕಂಪನಿಗೆ ಫೋನ್ ಮಾಡಿ ವಿಷಯ ಹೇಳಿದ್ರೆ ಅವರು ಹಡಗಿಗೆ ಸುದ್ದಿ ಮುಟ್ಟಿಸ್ತಾರೆ, ನಿಮ್ಮ ಫೋನ್ ಆಫ್ ಇದ್ರೂ ಹಡಗಿನವರು ರೂಮಿಗೆ ಬಂದು ಹೇಳ್ತಾರೆ.

ಪ್ರಶ್ನೆ: ನಂದು ಕಡೂರಲ್ಲಿ ಕೊಬ್ಬರಿ ವ್ಯಾಪಾರ. ಹಡಗಲ್ಲಿ ಇರೋವಾಗ ಪಾರ್ಟಿಗೆ ದುಡ್ಡು ಹಾಕ್ಬೇಕಾದ್ರೆ ಓಟಿಪಿ ಬರುತ್ತಾ?

ಉತ್ತರ: ಏರೋಪ್ಲೇನ್ ಮೋಡ್‌ನಲ್ಲಿ ಇದ್ದು ಬರೀ ವೈಫೈ ಇದ್ರೆ ಎಸ್ಸೆಮ್ಮೆಸ್ ಓಟಿಪಿ ಬರುತ್ತೆ ಅಂತ ನಂಬೋ ಹಾಗಿಲ್ಲ. ಓಟಿಪಿ ಸಿಮ್‌ಗೆ ಬರೋದು, ವಾಟ್ಸಾಪ್‌ಗಲ್ಲ. ಬಂದರಲ್ಲಿ ಇಳಿದಾಗ ಫೋನ್ ಆನ್ ಮಾಡಿದ್ರೆ ತಡೆದಿದ್ದ ಮೆಸೇಜೆಲ್ಲ ಒಟ್ಟಿಗೆ ಬಂದು ಬೀಳುತ್ತೆ, ಆದ್ರೆ ಓಟಿಪಿ ಆಯಸ್ಸು ಕೆಲವೇ ನಿಮಿಷ, ಅಷ್ಟೊತ್ತಿಗೆ ಅದು ಸತ್ತಿರುತ್ತೆ. ಹಾಗಾಗಿ ಪಾರ್ಟಿಗಳಿಗೆ ಕೊಡೋದನ್ನ ಹೊರಡೋ ಮುಂಚೆ ಮುಗಿಸಿ, ಇಲ್ಲಾ ಬಂದರಿನ ದಿನಕ್ಕೆ ಇಟ್ಕೊಳ್ಳಿ. ಪ್ರೀಪೇಯ್ಡ್ ಸಿಮ್ ಆದ್ರೆ ಇಂಟರ್‌ನ್ಯಾಷನಲ್ ರೋಮಿಂಗ್ ಆನ್ ಇದೆಯಾ ಅಂತ ಊರಲ್ಲೇ ನೋಡ್ಕೊಳ್ಳಿ, ಅದು ಆನ್ ಇಲ್ಲದಿದ್ರೆ ಬಂದರಲ್ಲೂ ಓಟಿಪಿ ಬರಲ್ಲ. ಬ್ಯಾಂಕ್ ಆಪ್, ಯುಪಿಐ ಆಪ್ ಯಾವುದನ್ನೂ ತೆಗೆದು ಮತ್ತೆ ಹಾಕೋಕೆ ಹೋಗಬೇಡಿ, ಮತ್ತೆ ಹಾಕೋವಾಗ ಅದು ನಿಮ್ಮ ಸಿಮ್ಮಿಂದ ಮೆಸೇಜ್ ಕಳ್ಸಿ ಪರೀಕ್ಷೆ ಮಾಡುತ್ತೆ, ಹಡಗಲ್ಲಿ ಆಗಲ್ಲ. ಸಿಮ್ ಬಿಚ್ಚಿ ಮಗನ ಹತ್ರ ಬಿಟ್ಟು ಹೋಗೋ ಯೋಚನೆನೂ ಬೇಡ, ಓಟಿಪಿ ಇನ್ನೊಬ್ಬರ ಕೈಗೆ ಹೋಗುತ್ತೆ, ನಿಮ್ಮ ಆಪ್‌ಗಳು ನಿಂತುಹೋಗುತ್ತೆ.

ಹಡಗಿನ ಖರ್ಚಿಗೆ ಕಾರ್ಡ್ ಕೊಡಬೇಕಾಗಬಹುದು. 2020ರಿಂದ ಆರ್‌ಬಿಐ ನಿಯಮದ ಪ್ರಕಾರ ಹೊಸ ಕಾರ್ಡ್‌ಗಳಲ್ಲಿ ವಿದೇಶದ ವ್ಯವಹಾರ ಮೊದಲಿಗೆ ಬಂದ್ ಆಗಿರುತ್ತೆ, ಬ್ಯಾಂಕ್ ಆಪ್‌ನಲ್ಲಿ ನೀವೇ ಆನ್ ಮಾಡ್ಕೋಬೇಕು, ಅದನ್ನೂ ಕಡೂರಲ್ಲೇ ಮುಗಿಸಿ.

ಪ್ರಶ್ನೆ: ಹಡಗಿನ ವೈಫೈ ದುಡ್ಡು ಕೊಟ್ರೂ ಯಾಕೆ ಅಷ್ಟು ಸ್ಲೋ? ಯಾವ ಪ್ಲಾನ್ ತಗೊಳ್ಳೋದು? (ಅರಸೀಕೆರೆ)

ಉತ್ತರ: ಹಡಗು ಯಾವ ಉಪಗ್ರಹ ಬಳಸುತ್ತೆ ಅನ್ನೋದರ ಮೇಲೆ ಹೋಗುತ್ತೆ. ಹಳೇ ಪದ್ಧತಿಯ ಉಪಗ್ರಹ 35,786 ಕಿಲೋಮೀಟರ್ ಮೇಲೆ ಇರುತ್ತೆ, ನೀವು ಹಲೋ ಅಂದಿದ್ದು ಅಲ್ಲಿಗೆ ಹೋಗಿ ಕೆಳಗೆ ಇಳಿದು, ಆ ಕಡೆಯವರ ಉತ್ತರ ಅದೇ ದಾರಿಯಲ್ಲಿ ವಾಪಸ್ ಬರೋಕೆ ಅರ್ಧ ಸೆಕೆಂಡ್ ಹೋಗುತ್ತೆ, ಅದಕ್ಕೇ ಇಬ್ಬರೂ ಒಟ್ಟಿಗೆ ಮಾತಾಡಿ ಇಬ್ಬರೂ ಒಟ್ಟಿಗೆ ಸುಮ್ನಾಗೋದು. ಸ್ಟಾರ್‌ಲಿಂಕ್ ಉಪಗ್ರಹಗಳು ಸುಮಾರು 550 ಕಿಲೋಮೀಟರ್‌ನಲ್ಲೇ ಸುತ್ತುತ್ತವೆ, ಆ ತಡ ಕಾಣಿಸಲ್ಲ. 2022ರಲ್ಲಿ ರಾಯಲ್ ಕೆರಿಬಿಯನ್ ಅನ್ನೋ ಕ್ರೂಸ್ ಕಂಪನಿ ತನ್ನ ಹಡಗುಗಳಿಗೆಲ್ಲ ಸ್ಟಾರ್‌ಲಿಂಕ್ ಹಾಕಿಸ್ತೀವಿ ಅಂತ ಹೇಳ್ತು, ಆಮೇಲೆ ಬೇರೆ ದೊಡ್ಡ ಕಂಪನಿಗಳೂ ಆ ದಾರಿ ಹಿಡಿದ್ವು. ಎಷ್ಟೇ ಒಳ್ಳೇ ಉಪಗ್ರಹ ಆದ್ರೂ ಒಂದು ಹಡಗಲ್ಲಿ ಸಾವಿರಾರು ಜನ ಹಂಚ್ಕೋಬೇಕು, ಊಟ ಮುಗಿದ ಮೇಲೆ ಎಲ್ಲರೂ ಒಟ್ಟಿಗೆ ಕೂತ್ಕೊಂಡಾಗ ಎಳೆಯುತ್ತೆ, ಬೆಳಗ್ಗೆ ಬೇಗ ಪ್ರಯತ್ನ ಮಾಡಿ.

ಪ್ಲಾನ್ ವಿಷಯದಲ್ಲಿ, ಹಡಗು ಹತ್ತೋ ಮುಂಚೆ ಆನ್‌ಲೈನ್‌ನಲ್ಲಿ ತಗೊಂಡ್ರೆ ಸಾಮಾನ್ಯವಾಗಿ ಕಮ್ಮಿ. ಒಂದು ಫೋನಿನ ಪ್ಲಾನ್ ತಗೊಂಡು ಒಬ್ಬರು ಲಾಗೌಟ್ ಮಾಡಿ ಇನ್ನೊಬ್ಬರು ಲಾಗಿನ್ ಮಾಡೋಕೆ ಬಹಳ ಕಡೆ ಆಗುತ್ತೆ, ಗಂಡ ಹೆಂಡ್ತಿಗೆ ಅಷ್ಟು ಸಾಕು. ಎಂಬಿ ಲೆಕ್ಕದ ಪ್ಲಾನ್ ಆದ್ರೆ ಮಾತ್ರ ತುಂಬ ಹುಷಾರಾಗಿರಿ, ವಾಟ್ಸಾಪ್‌ನಲ್ಲಿ ‘ವೈಫೈ ಇದ್ದಾಗ ಡೌನ್‌ಲೋಡ್ ಮಾಡು’ ಅಂತ ಇರುತ್ತಲ್ಲ, ಫೋನ್‌ಗೆ ಮನೆ ವೈಫೈ ಯಾವುದು ಹಡಗಿನ ವೈಫೈ ಯಾವುದು ಅಂತ ಗೊತ್ತಾಗಲ್ಲ, ಗ್ರೂಪ್‌ಗಳಲ್ಲಿ ಬರೋ ಶುಭೋದಯದ ಚಿತ್ರ, ವಿಡಿಯೋ ಎಲ್ಲ ತಾನೇ ಇಳಿಸ್ಕೊಂಡು ಅರ್ಧ ಗಂಟೆಯಲ್ಲಿ ಪ್ಲಾನ್ ಖಾಲಿ ಮಾಡುತ್ತೆ. ಆಟೋ ಡೌನ್‌ಲೋಡ್, ಫೋಟೋ ಬ್ಯಾಕಪ್, ಆಪ್ ಅಪ್‌ಡೇಟ್ ಮೂರನ್ನೂ ನಿಲ್ಲಿಸಿ. ಆಂಡ್ರಾಯ್ಡ್‌ನಲ್ಲಿ ಆ ವೈಫೈ ಹೆಸರು ಒತ್ತಿ ‘ಮೀಟರ್ಡ್’ ಅಂತ ಇಟ್ರೆ, ಐಫೋನ್‌ನಲ್ಲಿ ‘ಲೋ ಡೇಟಾ ಮೋಡ್’ ಇಟ್ರೆ ಇನ್ನಷ್ಟು ಉಳಿಯುತ್ತೆ. ಹಡಗಿನ ಆಪ್ ಮಾತ್ರ ದುಡ್ಡಿಲ್ಲದೆ ನಡೆಯೋದು ಸಾಮಾನ್ಯ, ಊಟದ ಟೈಮು, ಕಾರ್ಯಕ್ರಮ ಎಲ್ಲ ಅದರಲ್ಲೇ ಇರುತ್ತೆ.

ಪ್ರಶ್ನೆ: ಮದುವೆ ಆದ ಮೇಲೆ ಮುಂಬೈಯಿಂದ ಲಕ್ಷದ್ವೀಪ ಕ್ರೂಸ್ ಹೋಗ್ತಿದೀವಿ. ನಮ್ಮ ದೇಶದ ಒಳಗೇ ಅಲ್ವಾ, ಮಾಮೂಲಿ ರೀಚಾರ್ಜ್ ಸಾಕಲ್ವಾ? (ಬೇಲೂರು)

ಉತ್ತರ: ದ್ವೀಪದ ಮೇಲೆ ಸಾಕು, ದಾರಿಯಲ್ಲಿ ಸಾಲದು. ಒಂದು ದೇಶದ ಸಮುದ್ರ ದಡದಿಂದ 12 ನಾಟಿಕಲ್ ಮೈಲಿ, ಅಂದ್ರೆ ಸುಮಾರು 22 ಕಿಲೋಮೀಟರ್ ತನಕ. ಅದು ದಾಟಿದ ಮೇಲೆ ಹಡಗಿನ ನೆಟ್‌ವರ್ಕ್ ಆನ್ ಆದ್ರೆ ನೀವು ಮುಂಬೈಯಿಂದಲೇ ಹೊರಟಿದ್ರೂ ಅದು ಅಂತಾರಾಷ್ಟ್ರೀಯ ರೋಮಿಂಗ್ ಲೆಕ್ಕಕ್ಕೇ ಹೋಗಬಹುದು, ಹಾಗಾಗಿ ಮೇಲೆ ಮೂಡಿಗೆರೆಯವರಿಗೆ ಹೇಳಿದ ಏರೋಪ್ಲೇನ್ ಮೋಡ್ ನಿಮಗೂ ಬೇಕು. ಲಕ್ಷದ್ವೀಪದಲ್ಲಿ ನಮ್ಮ ಸಿಮ್ ಮಾಮೂಲಿಯಾಗೇ ನಡೆಯುತ್ತೆ. ಮುಂಚೆ ಅಲ್ಲಿ ಎಲ್ಲಾ ಉಪಗ್ರಹದ ಮೇಲೆ ನಿಂತಿತ್ತು, 2024ರ ಜನವರಿ 3ಕ್ಕೆ ಕೊಚ್ಚಿಯಿಂದ ಸಮುದ್ರದ ತಳದಲ್ಲಿ ಎಳೆದ ಆಪ್ಟಿಕಲ್ ಫೈಬರ್ ಕೇಬಲ್ ಉದ್ಘಾಟನೆ ಆಯ್ತು, ಅದಾದ ಮೇಲೆ ಇಂಟರ್‌ನೆಟ್ ಸುಧಾರಿಸಿದೆ. ದ್ವೀಪದ ಸುತ್ತ ಹವಳದ ದಿಬ್ಬ ಇರೋದ್ರಿಂದ ದೊಡ್ಡ ಹಡಗು ದೂರದಲ್ಲೇ ನಿಲ್ಲುತ್ತೆ, ಚಿಕ್ಕ ದೋಣಿಯಲ್ಲಿ ಕರ್ಕೊಂಡು ಹೋಗ್ತಾರೆ, ಫೋನ್‌ಗೆ ನೀರು ತಾಗದ ಒಂದು ಪೌಚ್ ಇಟ್ಕೊಳ್ಳಿ.

ಪ್ರಶ್ನೆ: ಗಲ್ಫ್‌ನಲ್ಲಿರೋ ತಮ್ಮ ಥುರಾಯಾ ಸ್ಯಾಟಲೈಟ್ ಫೋನ್ ತಂದು ಕೊಡ್ತೀನಿ, ಹಡಗಲ್ಲಿ ಆರಾಮಾಗಿ ಮಾತಾಡು ಅಂತಾನೆ. ತಗೊಂಡು ಹೋಗ್ಲಾ? (ಆಲ್ದೂರು)

ಉತ್ತರ: ಬೇಡವೇ ಬೇಡ. ಸರ್ಕಾರದ ಅನುಮತಿ ಇಲ್ಲದೆ ಥುರಾಯಾ, ಇರಿಡಿಯಂ ಫೋನ್ ಭಾರತದೊಳಗೆ ತರೋದು, ಇಟ್ಕೊಳ್ಳೋದು ಅಪರಾಧ. ಗೊತ್ತಿಲ್ಲದೆ ತಂದ ವಿದೇಶಿಯರನ್ನೇ ಏರ್‌ಪೋರ್ಟ್‌ನಲ್ಲಿ ಹಿಡಿದು ಕೇಸ್ ಹಾಕಿದಾರೆ. ತಮ್ಮನಿಗೆ ಇವತ್ತೇ ಫೋನ್ ಮಾಡಿ ತರಬೇಡ ಅಂತ ಹೇಳಿ.

ಪ್ರಶ್ನೆ: ಫೋನಲ್ಲಿ ಟೈಮ್ ತಾನೇ ಬದಲಾಗುತ್ತಲ್ಲ, ಇಳಿದು ಊರು ನೋಡೋಕೆ ಹೋದಾಗ ಅದನ್ನ ನಂಬಬಹುದಾ? ಮತ್ತೆ ನೆಟ್ ಇಲ್ಲದೆ ಮ್ಯಾಪ್ ನಡೆಯುತ್ತಾ? (ಚನ್ನರಾಯಪಟ್ಟಣದ ಶಿಕ್ಷಕರು)

ಉತ್ತರ: ಟೈಮ್ ನಂಬಬೇಡಿ. ಹಡಗಿಗೆ ಅದರದ್ದೇ ಟೈಮ್ ಇರುತ್ತೆ, ಎಷ್ಟೋ ಸಲ ಹೊರಟ ಬಂದರಿನ ಟೈಮನ್ನೇ ಕೊನೇತನಕ ಇಟ್ಟಿರ್ತಾರೆ. ಸಿಂಗಾಪುರದಿಂದ ಥೈಲೆಂಡಿನ ಫುಕೆಟ್‌ಗೆ ಹೋದ್ರೆ ಅಲ್ಲಿನ ಟೈಮು ಸಿಂಗಾಪುರಕ್ಕಿಂತ ಒಂದು ಗಂಟೆ ಹಿಂದೆ, ನೀವು ಇಳಿದ ಕೂಡ್ಲೇ ಫೋನ್ ಆ ಟೈಮ್ ತೋರಿಸುತ್ತೆ, ಐದು ಗಂಟೆಗೆ ವಾಪಸ್ ಹತ್ತಬೇಕು ಅಂದಿದ್ರೆ ನಿಮ್ಮ ಫೋನಲ್ಲಿ ನಾಕು ಅಂತ ಇರೋವಾಗಲೇ ಹಡಗಿನ ಬಾಗಿಲು ಮುಚ್ಚಿರುತ್ತೆ. ತಡ ಆದೋರಿಗೆ ಹಡಗು ಕಾಯಲ್ಲ. ಫೋನಲ್ಲಿ ಆಟೋಮ್ಯಾಟಿಕ್ ಟೈಮ್ ತೆಗೆದುಬಿಡಿ, ಕೈಗೆ ಒಂದು ಮಾಮೂಲಿ ವಾಚ್ ಕಟ್ಕೊಂಡು ಹಡಗಿನ ಗಡಿಯಾರ ನೋಡಿ ಸರಿ ಮಾಡ್ಕೊಳ್ಳಿ, ಇಳಿಯೋವಾಗ ಬಾಗಿಲ ಹತ್ರ ವಾಪಸ್ ಬರಬೇಕಾದ ಟೈಮ್ ಬರೆದು ಹಾಕಿರ್ತಾರೆ, ಅದರ ಒಂದು ಫೋಟೋ ತೆಗೆದಿಟ್ಕೊಳ್ಳಿ.

ಮ್ಯಾಪ್ ನಡೆಯುತ್ತೆ. ಜಿಪಿಎಸ್‌ಗೆ ಇಂಟರ್‌ನೆಟ್ಟೂ ಬೇಡ, ಸಿಮ್ಮೂ ಬೇಡ, ಏರೋಪ್ಲೇನ್ ಮೋಡ್‌ನಲ್ಲೂ ಅದು ನಿಮ್ಮ ಜಾಗ ತೋರಿಸುತ್ತೆ. ಆದ್ರೆ ರಸ್ತೆಯ ಚಿತ್ರ ಮೊದಲೇ ಫೋನಲ್ಲಿ ಇರಬೇಕು, ಗೂಗಲ್ ಮ್ಯಾಪ್‌ನಲ್ಲಿ ಆಫ್‌ಲೈನ್ ಮ್ಯಾಪ್ ಅಂತ ಇದೆ, ನೀವು ಇಳಿಯೋ ಊರುಗಳದ್ದೆಲ್ಲ ಮನೆ ವೈಫೈನಲ್ಲಿ ಇಳಿಸ್ಕೊಂಡು ಹೋಗಿ, ಬಂದರಿನ ಗೇಟ್ ಇರೋ ಜಾಗವನ್ನ ಗುರುತು ಹಾಕಿ ಸೇವ್ ಮಾಡಿ. ಹಡಗಿನ ಒಳಗಿನ ರೂಮಲ್ಲಿ ಕೂತು ನೋಡಿದ್ರೆ ಜಿಪಿಎಸ್ ಹಿಡಿಯಲ್ಲ, ಸುತ್ತ ಕಬ್ಬಿಣ, ಡೆಕ್ ಮೇಲೆ ಬಂದು ನೋಡಿ.